ಪರೀಕ್ಷೆಗೆ ಕೂತ ವಜ್ರ

ಫೆಬ್ರವರಿ 5, 2025. ಬುಧವಾರ, ಸಂಜೆ

ಅಂಕಣ ಇನ್ನೂ ಕಳಿಸಿಲ್ಲ. ಸಂಪಾದಕರ ಎರಡು ಮಿಸ್ಡ್ ಕಾಲ್. ಕಾರಣ ಘನವಾದದ್ದು — ಇಡೀ ದಿನ ಮೂಡುಬಿದಿರೆಯಲ್ಲಿ ವಜ್ರ ಆರಿಸುತ್ತಿದ್ದೆ.

ನಿವೃತ್ತ ಕನ್ನಡ ಟೀಚರ್ ಹೀಗೆ ಬರೆದಿಟ್ಟರೆ ಇನ್‌ಕಮ್ ಟ್ಯಾಕ್ಸಿನವರು ಬಂದಾರು. ಆದ್ದರಿಂದ ಸ್ಪಷ್ಟನೆ: ವಜ್ರ ನನಗಲ್ಲ. ಅಣ್ಣ ವೇಣುಗೋಪಾಲನ ಮಗ ಶಶಿಕಿರಣನ ನಿಶ್ಚಿತಾರ್ಥದ ಉಂಗುರಕ್ಕೆ. ಹುಡುಗಿ ಹರ್ಷಿತಾ, ಶಿರ್ತಾಡಿಯವಳು, ದನದ ಡಾಕ್ಟರ್. ಅಣ್ಣನ ವಿಟ್ಲದ ಮನೆಯ ಗಬ್ಬದ ದನಕ್ಕೆ ಜ್ವರ ಬಂದಾಗ ಬಂದವಳು. ದನ ಎರಡು ದಿನದಲ್ಲಿ ಗುಣವಾಯಿತು. ಶಶಿಕಿರಣ ಆಗಲಿಲ್ಲ.

ನಮ್ಮ ಜಾತಿಯವಳಲ್ಲ. ಅತ್ತಿಗೆ ಮೂಕಾಂಬಿಕಾ ಇದನ್ನು ಇವತ್ತಿನವರೆಗೆ ಬಾಯಿಬಿಟ್ಟು ಹೇಳಿಲ್ಲ. ನಿಟ್ಟುಸಿರು ಮಾತ್ರ, ದಿನಕ್ಕೆ ಮೂರು ಹೊತ್ತು, ಊಟದ ನಂತರ.

ಚಿನ್ನದಂಗಡಿಯವರು ಅಣ್ಣ, ಅತ್ತಿಗೆ, ಶಶಿಕಿರಣ, ನಾನು ನಾಲ್ವರ ಮುಂದೆ ಕಪ್ಪು ಬಟ್ಟೆಯ ಮೇಲೆ ಮೂರು ಕಲ್ಲು ಇಟ್ಟರು. ಬಣ್ಣ, ಕಟಿಂಗು, ಒಳಗಿನ ಕಲೆ ಎಂದು ಅರ್ಧ ಗಂಟೆ ಪಾಠ. ಕಣ್ಣಿಗೆ ಲೆನ್ಸು ಸಿಕ್ಕಿಸಿಕೊಂಡು ನೋಡಿದೆ. ನನ್ನ ರೆಪ್ಪೆಯೇ ಕಂಡಿತು. ಬಹಳ ಚೆನ್ನಾಗಿದೆ ಎಂದೆ. ಅತ್ತಿಗೆಗೆ ಎತ್ತರದ ದೊಡ್ಡ ಕಲ್ಲು ಬೇಕಿತ್ತು. ಶಶಿಕಿರಣ ಬೇಡವೆಂದ. ಅವಳ ಕೈ ದಿನಕ್ಕೆ ಹತ್ತು ಸಲ ದನದ ಹೊಟ್ಟೆಯೊಳಗೆ ಹೋಗುತ್ತದೆ, ಗ್ಲೌಸಿಗೆ ಸಿಕ್ಕಿಕೊಳ್ಳಬಾರದು, ತಗ್ಗಾಗಿ ಕೂರುವ ಕಲ್ಲಾಗಬೇಕು ಎಂದು ಗಂಭೀರವಾಗಿ ವಿವರಿಸಿದ. ಅಂಗಡಿಯವರ ಚಹಾ ಲೋಟ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. ಮೂವತ್ತು ವರ್ಷದ ವ್ಯಾಪಾರದಲ್ಲಿ ಈ ಅಳತೆ ಹೊಸದು.

ಸಣ್ಣ ಕಲ್ಲೇ ಆಯಿತು. ಆದರೆ ಖರೀದಿ ಆಗಲಿಲ್ಲ. ವಜ್ರ ಎಲ್ಲರಿಗೂ ಆಗಿಬರುವುದಿಲ್ಲವಂತೆ. ಐದು ದಿನ ಮನೆಯಲ್ಲಿಟ್ಟು ನೋಡಬೇಕು, ಕೆಡುಕಾಗದಿದ್ದರೆ ಪಾಸ್. ಅತ್ತಿಗೆಯ ತಾಯಿಮನೆಯ ಕ್ರಮ, ನಮ್ಮ ಕಡೆಯೂ ಹಿಂದೆ ಇತ್ತು. ಅಣ್ಣ ರಸೀದಿಗೆ ಸಹಿ ಮಾಡಿ ಪೊಟ್ಟಣ ತೆಗೆದುಕೊಂಡ. ಅವರ ಮನೆಗೆ ಪೇಂಟ್ ಹೊಡೆಯುತ್ತಿದ್ದಾರೆ, ಆದ್ದರಿಂದ ಪೊಟ್ಟಣ ನನ್ನ ಮನೆಗೆ. ಪೇಂಟ್ ನೆಪ. ಅಲ್ಲಿ ಗಂಡ, ಮಗ, ಗಬ್ಬದ ದನ. ಬಂಟ್ವಾಳದ ಈ ಮನೆಯಲ್ಲಿ ನಾನೊಬ್ಬಳೇ. ಆಗಬಹುದಾದ ನಷ್ಟಕ್ಕೆ ಒಂದು ಮಿತಿ ಉಂಟು.

ಫೆಬ್ರವರಿ 6. ಗುರುವಾರ

ಪರೀಕ್ಷಾರ್ಥಿಯನ್ನು ದೇವರ ಕೋಣೆಯಲ್ಲಿ ಕೂರಿಸಿದೆ. ಶಾಂತ ಸ್ವಭಾವ. ಕಾಪಿ ಹೊಡೆಯುವ ಲಕ್ಷಣ ಇಲ್ಲ.

ಸಂಜೆ ಅತ್ತಿಗೆಯ ಫೋನ್. ಏನಾದರೂ ಆಯ್ತಾ? ಹಾಲು ಉಕ್ಕಿತು ಎಂದೆ. ಅದು ಶುಭವೋ ಅಶುಭವೋ ಎಂದು ಅವರಿಗೂ ಒಮ್ಮೆಲೇ ತೋಚಲಿಲ್ಲ. ಕೇಳಿ ಹೇಳ್ತೇನೆ ಎಂದು ಇಟ್ಟರು.

ಪೊಟ್ಟಣ ಬಿಡಿಸಿ ನೋಡಿದೆ. ನೋಡಬಾರದಿತ್ತು... 1983 ಎದ್ದು ಬಂತು.

ಆಗ ನಾನು ಅಳದಂಗಡಿಯ ಶಾಲೆಯಲ್ಲಿ ಟೀಚರ್. ಬೆಳ್ತಂಗಡಿಯಿಂದ ಬೆಳಗಿನ ಬಸ್ಸು. ಲೆಕ್ಕದ ಮಾಸ್ಟ್ರು ಶಿವಸುಬ್ರಹ್ಮಣ್ಯ ಕೊಡೆ ಅಡ್ಡವಿಟ್ಟು ನನಗೆ ಸೀಟು ಹಿಡಿಯುತ್ತಿದ್ದರು. ಕಂಡಕ್ಟರ್ ಒಮ್ಮೆ ಕೊಡೆಗೂ ಟಿಕೆಟ್ ಕೇಳಿದ. ಅದಕ್ಕೂ ದುಡ್ಡು ಕೊಟ್ಟರು. ತಮ್ಮ ಜೋಕಿಗೆ ತಾವೇ ಮೊದಲು ನಗುವ ಮನುಷ್ಯ — ಜೋಕು ಹೇಳಿ ಮುಗಿಯುವುದಕ್ಕೂ ಮೊದಲು.

ಜಾತಕ ಕೂಡಿತು. ಅವರ ತಾಯಿ ನನ್ನ ಮೂಗುಬೊಟ್ಟಿಗೆಂದು ಒಂದು ವಜ್ರ ತಂದು ಮನೆಯಲ್ಲಿಟ್ಟರು, ಎಂಟು ದಿನದ ಪರೀಕ್ಷೆಗೆ. ನಾನು ಇತ್ತ ಮೂಗು ಚುಚ್ಚಿಸಿಕೊಂಡೆ. ಬೇವಿನ ಕಡ್ಡಿ ಸಿಕ್ಕಿಸಿಕೊಂಡು ಪಾಠ ಮಾಡಿದೆ. ಮೂಗು ಬದನೆಕಾಯಿ. ನೋವಿನಲ್ಲೂ ಎಂಥ ಸುಖ ಇತ್ತು.

ಆರನೆಯ ದಿನ ಅವರ ತಂದೆ ಬಾವಿಕಟ್ಟೆಯಲ್ಲಿ ಜಾರಿ ಸೊಂಟ ಮುರಿದುಕೊಂಡರು. ಎಂಟನೆಯ ದಿನ ಕಲ್ಲು ಅಂಗಡಿಗೆ. ಒಂಬತ್ತನೆಯ ದಿನ ಜಾತಕ ವಾಪಸ್ ನಮ್ಮ ಮನೆಗೆ.

ಮರುದಿನ ಬಸ್ಸಿನಲ್ಲಿ ಅವರು ಹಿಂದಿನ ಸೀಟಿನಲ್ಲಿದ್ದರು. ಕೊಡೆ ತೊಡೆಯ ಮೇಲೆ. ನಾನು ಕಡ್ಡಿ ತೆಗೆದೆ. ತೂತು ಹದಿನೈದು ದಿನದಲ್ಲಿ ಮುಚ್ಚಿತು.

ಫೆಬ್ರವರಿ 7. ಶುಕ್ರವಾರ, ಬೆಳಿಗ್ಗೆ

ನಿನ್ನೆಯದಕ್ಕೆ ಒಂದು ಸಾಲು ಬಾಕಿ. ಹತ್ತು ವರ್ಷದ ನಂತರ ಗೊತ್ತಾದದ್ದು — ನಮ್ಮ ಮನೆಯ ಸಂಬಂಧ ಅವರ ತಾಯಿಗೆ ಮೊದಲಿಂದಲೂ ಬೇಡವಾಗಿತ್ತಂತೆ. ಹೇಳಲು ಮುಜುಗರ. ನೆಪಕ್ಕೆ ಪಾಪ, ಒಂದು ಕಲ್ಲು ಸಿಕ್ಕಿತು.

ಅತ್ತಿಗೆಯೂ ಅಂಥದೇ ನೆಪ ಕಾಯುತ್ತಿದ್ದಾರಾ? ಕೆಟ್ಟ ಯೋಚನೆ. ಬಚ್ಚಲು ತೊಳೆಯಬೇಕು, ಪಾಚಿ ಕಟ್ಟಿದೆ.

ಫೆಬ್ರವರಿ 9. ಭಾನುವಾರ

ಎಡಗೈ ಬರಹ. ಅಕ್ಷರ ಒಂದನೇ ಕ್ಲಾಸು.

ಶುಕ್ರವಾರ ಬಚ್ಚಲಲ್ಲಿ ಬಿದ್ದೆ. ಬಲ ಮಣಿಕಟ್ಟು ಉಳುಕಿದೆ. ಮೂಳೆ ಸರಿ ಉಂಟು, ಎಕ್ಸ್‌ರೇ ಆಯಿತು. ಅತ್ತಿಗೆಯ ಫೋನಿಗೆ ಎರಡು ದಿನವೂ 'ಏನಿಲ್ಲ' ಎಂದೆ. ಅರುವತ್ತಾರನೇ ವಯಸ್ಸಿನಲ್ಲಿ ಒಂದು ಕಲ್ಲಿಗಾಗಿ ಸುಳ್ಳು.

ಎಕ್ಸ್‌ರೇಗೆ ಕರೆದುಕೊಂಡು ಹೋದ ಶಶಿಕಿರಣನಿಂದ ಸುದ್ದಿ ತಿಳಿದು ಹರ್ಷಿತಾ ಬಂದಳು. ಬ್ಯಾಂಡೇಜ್ ಬಿಚ್ಚಿ ಬೇರೆ ಕಟ್ಟಿದಳು. ಕರುವಿನ ಕಾಲಿಗಿಂತ ಸುಲಭವಂತೆ, ನಾನು ಒದೆಯುವುದಿಲ್ಲ. ಪರೀಕ್ಷೆಯ ವಿಷಯ ಅವಳಿಗೆ ಮೊದಲೇ ಗೊತ್ತು. ಧೈರ್ಯ ಹೇಳಿದೆ — ಬಿದ್ದದ್ದು ನಮ್ಮ ಮೂವರಲ್ಲೇ ಇರಲಿ, ಮಂಗಳವಾರಕ್ಕೆ ಮುಗಿಯಿತು.

ಬ್ಯಾಂಡೇಜಿನ ಗಂಟು ಬಿಗಿದಳು. ಮತ್ತೆ ಹೇಳಿದಳು:

"ಹೇಳಿಬಿಡಿ ಅತ್ತೆ. ಮುಚ್ಚಿಟ್ಟು ಉಂಗುರ ಹಾಕಿಕೊಂಡ್ರೆ, ನಾಳೆ ಆ ಮನೆಯಲ್ಲಿ ಒಂದು ಲೋಟ ಒಡೆದ್ರೂ ನನ್ನ ಬೆರಳನ್ನೇ ನೋಡ್ತಾರೆ. ಹಾಗೆ ನನಗೆ ಬದುಕ್ಲಿಕ್ಕೆ ಆಗುದಿಲ್ಲ."

"ಅವರು ಬೇಡ ಅಂದ್ರೆ?"

"ಈಗ್ಲೇ ಅನ್ನಲಿ. ನನ್ನ ಮುಖ ನೋಡಿ ಅನ್ನಲಿ."

ನಲವತ್ತೆರಡು ವರ್ಷದ ಹಿಂದೆ ಈ ಮಾತು ನನ್ನ ಬಾಯಿಗೆ ಬರಲಿಲ್ಲ. ಬಸ್ಸಿನಲ್ಲಿ ಹಿಂದೆ ತಿರುಗಿಯೂ ನೋಡಲಿಲ್ಲ.

ಕೈ ನೋವು. ಎಡದ್ದೂ.

ಫೆಬ್ರವರಿ 11. ಮಂಗಳವಾರ, 11.30

ಅತ್ತಿಗೆ ಒಳಗೆ ಸಾರು ಮಾಡುತ್ತಿದ್ದಾರೆ. ಮರೆಯುವ ಮೊದಲು ಬರೆದುಬಿಡಬೇಕು.

ನಿನ್ನೆ ಫೋನಿನಲ್ಲಿ ಬಿದ್ದ ವಿಷಯ ಹೇಳಿದೆ. ಫೋನ್ ಇಟ್ಟುಬಿಟ್ಟರು. ಇವತ್ತು ಮೊದಲ ಬಸ್ಸಿಗೇ ಬಂದರು, ಅಣ್ಣನನ್ನು ಬಿಟ್ಟು. ಕೈ ನೋಡಿದರು. ಬ್ಯಾಂಡೇಜು ಒಳ್ಳೆ ಕಟ್ಟಿದ್ದಾರೆ ಎಂದರು. ಯಾರು ಎಂದು ಹೇಳಿದೆ. ಮತ್ತೆ ಇಬ್ಬರೂ ಪೊಟ್ಟಣ ನೋಡುತ್ತಾ ಕೂತೆವು.

ಬಚ್ಚಲಿಗೆ ಕರೆದುಕೊಂಡು ಹೋಗಿ ಪಾಚಿ ತೋರಿಸಿದೆ. ಪ್ರಬಂಧ ಓದುವವಳ ಹಾಗೆ ಪಾಯಿಂಟು ಪಾಯಿಂಟಾಗಿ ಹೇಳಲು ಹೊರಟೆ. ಬಂದದ್ದು ಇಷ್ಟೇ:

"ಅತ್ತಿಗೆ, ನನ್ನನ್ನು ಬೇಡ ಅಂತ ಹೇಳಿದ್ದು ಒಂದು ಕಲ್ಲು. ಮನುಷ್ಯರು ಯಾರೂ ಹೇಳ್ಲಿಲ್ಲ. ಅದಕ್ಕೇ ಇಷ್ಟು ವರ್ಷ ಯಾರ ಹತ್ರ ಸಿಟ್ಟು ಮಾಡುದು ಅಂತಲೂ ಗೊತ್ತಾಗ್ಲಿಲ್ಲ. ಈ ಹುಡುಗಿಗೆ ಹೇಳುದಿದ್ರೆ ನೀವೇ ಹೇಳಿ."

ಬಚ್ಚಲ ಬಾಗಿಲಿಗೆ ಒರಗಿ ನಿಂತರು.

"ಬೇಡ ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರುದಿಲ್ಲ ವಸುಧಾ. ಬೇಕು ಅಂತ ಹೇಳ್ಲಿಕ್ಕೆ ಹೆದರಿಕೆ, ನಮ್ಮವರು ಏನು ಹೇಳ್ತಾರೋ ಅಂತ. ಅದಕ್ಕೆ ಕಲ್ಲೇ ಹೇಳ್ಲಿ ಅಂತ ಇಟ್ಟದ್ದು."

"ಕಲ್ಲು ಏನು ಹೇಳಿತು?"

"ಅದು ಎಂಥ ಹೇಳ್ತದೆ. ಬಚ್ಚಲು ತಿಕ್ಕು ಅಂತ ಹೇಳಿರಬೇಕು."

ನಗಲಿಲ್ಲ. ನಾನೂ ನಗಲಿಲ್ಲ. ಪೊರಕೆ ಹಿಡಿದು ಅವರೇ ಪಾಚಿ ತಿಕ್ಕಿದರು, ಸೆರಗು ಸಿಕ್ಕಿಸಿಕೊಂಡು. ನಿಟ್ಟುಸಿರು ಇಲ್ಲ. ಆಮೇಲೆ ಕೈ ಒರೆಸಿಕೊಂಡು, ಅವಳು ಬ್ಯಾಂಡೇಜು ಬದಲಿಸಲು ಯಾವಾಗ ಬರುತ್ತಾಳೆ ಎಂದು ಕೇಳಿದರು. ಹನ್ನೆರಡಕ್ಕೆ ಎಂದೆ. ಊಟಕ್ಕೆ ನಿಲ್ಲಲಿ ಎಂದು ಅಕ್ಕಿ ಜಾಸ್ತಿ ಹಾಕಿದರು. ನೂಲಿನ ಉಂಡೆ ಎಲ್ಲಿದೆ ಎಂದು ಕೇಳಿದರು. ಯಾಕೆ ಎಂದರೆ, ಅಂಗಡಿಯವರಿಗೆ ಬೆರಳಿನ ಅಳತೆ ಬೇಡವಾ, ಎಂಥ ಟೀಚರ್ ನೀನು.

ಗೇಟಿನ ಶಬ್ದ. ಸ್ಕೂಟರ್ ನಿಂತಿತು. ಹರ್ಷಿತಾ ನನ್ನನ್ನು ಕರೆಯುತ್ತಿದ್ದಾಳೆ, ಅತ್ತಿಗೆ ಇರುವುದು ಅವಳಿಗೆ ಗೊತ್ತಿಲ್ಲ. ನಾನು ಏಳುವ ಮೊದಲೇ ಅತ್ತಿಗೆ ಬಾಗಿಲಿಗೆ ಹೋದರು. ಒದ್ದೆ ಸೆರಗು, ಕೈಯಲ್ಲಿ ನೂಲು. ಅವಳು ಚಪ್ಪಲಿ ಬಿಡುವುದನ್ನು ಅರ್ಧಕ್ಕೇ ನಿಲ್ಲಿಸಿದ್ದಾಳೆ. ಅತ್ತಿಗೆ ಅವಳ ಮುಖವನ್ನೇ ನೋಡುತ್ತಾ ಹೇಳಿದರು — "ಒಳಗೆ ಬಾ. ಬೆರಳು ಕೊಡು, ಉಂಗುರಕ್ಕೆ ಅಳತೆ ಬೇಕು."