ಕಿಸೆಯೊಳಗಿನ ಸಾಹೇಬರು

೬ ಜನವರಿ, ಸೋಮವಾರ

ಪತ್ರಿಕೆಗೆ ಅಂಕಣ ಕಳಿಸಿದ್ದಾಯಿತು. ಈ ವಾರ ಹಲ್ಲುಜ್ಜುವ ಬ್ರಶ್. ಎಷ್ಟು ಹೊತ್ತು ಉಜ್ಜಿದಿರಿ, ಯಾವ ಹಲ್ಲು ಬಿಟ್ಟಿರಿ, ಎಲ್ಲ ಫೋನಿಗೆ ವರದಿ ಮಾಡುತ್ತದೆ. ಕೆಳಗಿನ ಚೌಕದಲ್ಲಿ ಎಂದಿನ ಸಲಹೆ: ಮೆಮರಿ ತುಂಬಿದರೆ ಫೋನ್ ಬದಲಿಸಬೇಡಿ, ಗುಡ್ ಮಾರ್ನಿಂಗ್ ಚಿತ್ರಗಳನ್ನು ಅಳಿಸಿ.

ಸಂಪಾದಕ ಮುರ್ತುಜಸಾಬರ ಫೋನು. "ಬ್ರಶ್ಶಿನ ಸುದ್ದಿ ಓದಿ ನಮ್ಮ ಮನಿಯಾಕಿ ಭಾಳ ನಕ್ಕಳ್ರಿ ಸರ. ನಿಮ್ಮ ಹಲ್ಲು ಬಾಯಾಗ ಇರೂಕಿಂತಾ ಗ್ಲಾಸಿನ್ಯಾಗ ಹೆಚ್ಚ ಇರ್ತಾವು, ನಿಮಗೆದಕ ಅದು ಅಂತ ನನಗ ಅಂದಳು." ಆಮೇಲೆ: "ನಿಮ್ಮ ಧ್ವನಿ ಯಾಕ ಹಿಂಗಾಗೇತ್ರಿ? ಗಂಟಲಾ ಕಟ್ಟಿದ್ದು ಇನ್ನೂ ಇಳಿದಿಲ್ಲೇನು?"

ಇಳಿದಿಲ್ಲ. ದೀಪಾವಳಿಯಿಂದ ಇಳಿದಿಲ್ಲ. ಕಂಪ್ಯೂಟರ್ ಕ್ಲಾಸಿನಲ್ಲಿ ಎಕ್ಸೆಲ್ ಪಾಠ ಅರ್ಧಕ್ಕೇ ನಿಲ್ಲಿಸಿದೆ.

೯ ಜನವರಿ, ಗುರುವಾರ

ಬಾಗಲಕೋಟೆ. ರಿಪೋರ್ಟ್ ಬಂದಿದೆ, ಗಂಟಲ ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು. ಪೂರ್ತಿ ಎಂದರೆ ಎಷ್ಟು ಎಂದು ಕೇಳಿದೆ. ಡಾಕ್ಟರು ನನ್ನನ್ನೇ ನೋಡಿದರು. "ಪೂರ್ತಿ ಅಂದ್ರ ಪೂರ್ತಿ ರೀ ಸರ."

ಇಳಕಲ್ಲಿಗೆ ವಾಪಸ್ ಬರುವ ಬಸ್ಸಿನಲ್ಲಿ ಹೆಂಡತಿ ಬಸವೇಶ್ವರಿ ಪಕ್ಕದಲ್ಲಿದ್ದಳು. ಕಮತಗಿ ದಾಟಿದ ಮೇಲೆ ಒಂದೇ ಮಾತು: "ಅತ್ತೀಗೆ ಹೆಂಗ್ ಹೇಳೂದ್ರಿ?"

ಅದೇ. ನಾನು ಬರೆದು ತೋರಿಸಬಹುದು, ಸನ್ನೆ ಮಾಡಬಹುದು. ನೋಡುವವರಿಗೆ. ಅವ್ವನ ಎರಡೂ ಕಣ್ಣು ಹೋಗಿ ವರ್ಷಗಳಾದವು. ಅವಳ ಪಾಲಿಗೆ ನಾನು ಎಂದರೆ ಧ್ವನಿ, ಅಷ್ಟೇ. ಬಸವೇಶ್ವರಿ ಸಾಲಿಗೆ ಪಾಠ ಹೇಳಲು ಹೋದ ಮೇಲೆ ಇಡೀ ದಿನ ಮನೆಯಲ್ಲಿ ನಾವಿಬ್ಬರೇ ಇರುತ್ತೇವೆ. ಒಬ್ಬಳಿಗೆ ಕಾಣದು. ಇನ್ನೊಬ್ಬನಿಗೆ ಮಾತು ಬಾರದು.

೧೨ ಜನವರಿ, ರವಿವಾರ

ಗೆಳೆಯ ಇರ್ಫಾನನ ಮೊಬೈಲ್ ಅಂಗಡಿ. ಬಸ್ ಸ್ಟ್ಯಾಂಡಿನ ಗದ್ದಲ. ಹೇಳಿದೆ. ಯಾರದೋ ಫೋನಿನ ಗಾಜು ಒರೆಸಿ ಪಕ್ಕಕ್ಕಿಟ್ಟ. ಆಮೇಲೆ ಒಂದು ಆ್ಯಪ್ ತೆಗೆದು ತೋರಿಸಿದ.

"ಲೇ ಪ್ರವೀಣ್ಯಾ, ವಾರಾ ವಾರಾ ಊರಿಗೆಲ್ಲಾ ಬುದ್ಧಿ ಹೇಳಾಂವ ನೀ. ಇದು ಗೊತ್ತಿಲ್ಲನ ನಿನಗ?"

ಗೊತ್ತಿತ್ತು. ಇದರ ಬಗ್ಗೆ ಬರೆದೂ ಇದ್ದೆ, ತಮಾಷೆಯ ಸುದ್ದಿಯಾಗಿ. ಅವರು ಕೊಟ್ಟ ವಾಕ್ಯಗಳನ್ನು ಓದಿ ಕೊಟ್ಟರೆ ನಮ್ಮ ಧ್ವನಿಯ ಪ್ರತಿ ತಯಾರಾಗುತ್ತದೆ. ಮುಂದೆ ಟೈಪ್ ಮಾಡಿದ್ದನ್ನೆಲ್ಲ ಆ ಧ್ವನಿಯಲ್ಲಿ ಫೋನು ಹೇಳುತ್ತದೆ.

"ಗಂಟಲಾ ಅವರ ತಕ್ಕೊಳ್ಳಲಿ, ಧ್ವನಿ ನಾವು ಇಟ್ಕೊಳ್ಳೂಣು" ಅಂದ. ನಗಿಸಲು ಅಂದದ್ದು. ಅವನೇ ನಗಲಿಲ್ಲ.

೧೭ ಜನವರಿ, ಶುಕ್ರವಾರ

ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡು ಓದಿದೆ. ಫ್ಯಾನ್ ಆಫ್. "ಇಂದು ಆಕಾಶವು ಶುಭ್ರವಾಗಿದೆ." "ದಯವಿಟ್ಟು ನನಗೆ ಒಂದು ಲೋಟ ನೀರು ಕೊಡಿ." "ಮಕ್ಕಳು ಉದ್ಯಾನದಲ್ಲಿ ಆಟವಾಡುತ್ತಿದ್ದಾರೆ." ಬರೆದಿದ್ದಂತೆ, ಅಕ್ಷರ ಬಿಡದೆ. ಅಲ್ಪಪ್ರಾಣ ಮಹಾಪ್ರಾಣ ತಪ್ಪದ ಹಾಗೆ. ಪ್ರತಿ ವಾಕ್ಯಕ್ಕೂ ಹಸಿರು ಗುರುತು ಬಿತ್ತು. ಗಂಟಲು ಉರಿಯುತ್ತಿತ್ತು, ಆದರೂ ಒಂದೂ ತಿರಸ್ಕೃತವಾಗಲಿಲ್ಲ. ಸ್ವಲ್ಪ ಹೆಮ್ಮೆಯಾಯಿತು ಎಂದೇ ಬರೆಯುತ್ತೇನೆ.

ಹೊರಗೆ ಬಂದರೆ ಬಸವೇಶ್ವರಿ ಒಳ್ಳೆಯ ಕಪ್ಪುಗಳನ್ನು ಇಳಿಸಿದ್ದಾಳೆ. "ಯಾರ್ರಿ ಒಳಗ? ಯಾರೋ ಆಫೀಸರ್ ಬಂದಾರಂತ ಚಾಕ್ಕ ಇಟ್ಟೇನಿ."

೨೬ ಜನವರಿ, ರವಿವಾರ

ನಾಳೆ ದವಾಖಾನೆಗೆ ಭರ್ತಿ. ಅವ್ವನಿಗೆ ಏನಾದರೂ ಹೇಳಬೇಕಿತ್ತು. ಬೆಳಗಿನಿಂದ ಯೋಚಿಸಿದೆ. ಅಂದದ್ದು ಮಾತ್ರ: "ಯವ್ವಾ, ಆ ಗುಳಿಗಿ ಉಂಡ ಮ್ಯಾಲ ತಗೋಬೇಕು, ಉಣ್ಣೂಕಿಂತಾ ಮೊದಲಲ್ಲ."

"ಗೊತ್ತೈತೇಳೋ. ಭಾಳ ಶಾಣ್ಯಾ" ಅಂದಳು.

೨೭ ಫೆಬ್ರವರಿ, ಗುರುವಾರ

ಮನೆ. ದಿನಚರಿ ಬರೆಯುತ್ತಿದ್ದ ಹಳೆಯ ವಹಿ ಎಲ್ಲಿಟ್ಟೆನೋ, ಇನ್ನು ಮುಂದೆ ಇದೂ ಫೋನಿನಲ್ಲೇ. ಹೇಗೂ ಎಲ್ಲವನ್ನೂ ಇದರಲ್ಲೇ ಬರೆಯಬೇಕು. ಕತ್ತಿನಲ್ಲಿ ತೂತು, ಅದರ ಮೇಲೆ ಬಟ್ಟೆ. ಉಸಿರು ಅಲ್ಲಿಂದ. ಗಾಯ ಮಾಯುತ್ತಿದೆ.

ಅವ್ವನ ಕೈ ಹಿಡಿದೆ. "ಬಂದ್ಯಾ ತಮ್ಮಾ, ಪ್ರವೀಣಾ" ಎಂದು ಬೆರಳು, ಗೆಣ್ಣು, ಮಣಿಕಟ್ಟು ಎಲ್ಲ ಸವರಿದಳು. ಚೆನ್ನಾಗಿತ್ತು. ಆಗ ಫೋನ್ ಒತ್ತಿದೆ.

"ಅಮ್ಮಾ, ನಾನು ಬಂದಿದ್ದೇನೆ. ನೀವು ಹೇಗಿದ್ದೀರಿ?"

ಆ್ಯಪಿನಲ್ಲಿ ಮೊದಲೇ ಇದ್ದ ವಾಕ್ಯ ಅದು. ಧ್ವನಿ ನನ್ನದೇ. ಬೊಗಸೆಯಲ್ಲಿ ನೀರು ಹಿಡಿದ ಹಾಗೆ ಹಿಡಿದು ತಂದಿದ್ದ ಧ್ವನಿ. ಅವ್ವ ಕೈ ಬಿಡಿಸಿಕೊಂಡಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಯಾರ್ರಿ ಅದು? ಬರ್ರಿ, ಕುಂದರ್ರಿ. ಬಸವ್ವಾ, ಯಾರೋ ಬಂದಾರ ನೋಡು."

೫ ಮಾರ್ಚ್, ಬುಧವಾರ

ಆ್ಯಪಿನ ವಾಕ್ಯ ಬೇಡ. ನಾನು ಆಡುವ ಹಾಗೆಯೇ ಟೈಪ್ ಮಾಡುವುದು ಎಂದು ನಿರ್ಧಾರ. "ಯವ್ವಾ, ಉಂಡೀ?" ಎಂದು ಹೊಡೆದೆ. ಕೀಬೋರ್ಡು ತಾನೇ ತಿದ್ದಿತು. ಫೋನು ಗಟ್ಟಿಯಾಗಿ "ಯವ್ವಾ, ಉಂಡೆ?" ಅಂತು.

ಅವ್ವ ನೆಟ್ಟಗೆ ಕೂತಳು. "ಯಾವ ಉಂಡಿ ರೀ? ಶೇಂಗಾದ್ದೋ ಎಳ್ಳಿಂದೋ? ಪಂಚಮಿ ಇನ್ನೂ ಎಲ್ಲೈತ್ರಿ?"

ಬಸವೇಶ್ವರಿ ಬಾಗಿಲಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಕ್ಕೆ. ಸದ್ದಿಲ್ಲ, ಕತ್ತಿನ ಬಟ್ಟೆ ಮಾತ್ರ ಹಾರಿತು.

ಸೆಟ್ಟಿಂಗ್ಸಿಗೆ ಹೋಗಿ ತಾನೇ ತಿದ್ದುವುದನ್ನು ಬಂದ್ ಮಾಡಿದೆ. ಈ ಸಲಹೆಯನ್ನು ಅಂಕಣದಲ್ಲಿ ನಾಲ್ಕಾರು ಸಲ ಕೊಟ್ಟಿದ್ದೇನೆ. ಮತ್ತೆ ಹೊಡೆದೆ. "ಯವ್ವಾ, ಉಂಡೀ? ಗುಳಿಗಿ ತಗೊಂಡಿಲ್ಲೊ?"

ಈ ಸಲ ಪ್ರತಿ ಅಕ್ಷರವೂ ಸರಿ. ಆದರೆ ರಾಗ ನಾನು ಜನವರಿಯಲ್ಲಿ ಓದಿದ ರಾಗ. ಆಕಾಶವು ಶುಭ್ರವಾಗಿದೆ ಎನ್ನುವ ರಾಗ. ಅವ್ವನ ಮುಖ ಬಿಗಿಯಿತು.

"ಯಾರದು? ಯಾವಾಂವ ಅದಾಂವ ನನ್ನ ಮಗನ ಅಣಕಸಾಂವ? ಅವಗ ಮಾತ ಹೋಗ್ಯಾವಂತ ಮಸ್ಕರಿ ಮಾಡ್ತೀಯೇನ? ನಾಚಿಕಿ ಆಗಂಗಿಲ್ಲ?"

ಕೋಲು ತಡಕಿದಳು. ಫೋನನ್ನು ಕಿಸೆಗೆ ಹಾಕಿದೆ.

೧೬ ಮಾರ್ಚ್, ರವಿವಾರ

ಬಸವೇಶ್ವರಿ ಅವ್ವನ ಪಕ್ಕ ಕೂತು ಬಿಡಿಸಿ ಹೇಳಿದಳು. "ಅತ್ತೀ, ಅವರ ನಿಮ್ಮ ಮಗ. ಅವರ ಧ್ವನಿನ ಮಿಷಿನ್ಯಾಗ ಹಾಕ್ಯಾರ."

"ಗೊತ್ತೈತಿ ಬಸವ್ವಾ. ನಾ ಕುರುಡಿ ಅದೇನಿ, ಹುಚ್ಚಿ ಅಲ್ಲ. ಗೊತ್ತಿರೂದು ಬ್ಯಾರೆ, ಕೇಳಸೂದು ಬ್ಯಾರೆ."

ಆಮೇಲೆ ತನ್ನಷ್ಟಕ್ಕೆ: "ಚಮಕ ಅದು. ರೇಷ್ಮಿ ಅಲ್ಲ."

ಹರೆಯವೆಲ್ಲ ಮಗ್ಗದ ಮುಂದೆ ಕಳೆದವಳು. ಕೃತಕ ರೇಷ್ಮೆಗೆ ನಮ್ಮೂರಿನಲ್ಲಿ ಚಮಕ ಎನ್ನುತ್ತಾರೆ. ನೋಡಿದರೆ ಹೊಳಪು ಅಸಲಿಗಿಂತ ಹೆಚ್ಚು. ಅವಳು ಎಂದೂ ನೋಡಿ ಹೇಳಿದವಳಲ್ಲ, ಮುಟ್ಟಿ ಹೇಳುತ್ತಿದ್ದಳು.

ಕ್ಲಾಸಿಗೆ ಬೇರೆ ಮಾಸ್ತರ ಬಂದಿದ್ದಾನೆ. ನನ್ನ ಹಾಜರಿಯ ಅಗತ್ಯವಿಲ್ಲ ಎಂದು ಮೆಸೇಜು. ಮರ್ಯಾದೆಯಿಂದಲೇ ಬರೆದಿದ್ದಾರೆ.

೮ ಏಪ್ರಿಲ್, ಮಂಗಳವಾರ

ರೇಡಿಯೇಶನ್, ಇಲ್ಲಿಯವರ ಬಾಯಲ್ಲಿ ಕರೆಂಟ್ ಕೊಡುವುದು, ನಡೆದಿದೆ. ಕತ್ತು ಹಲಗೆಯಾಗಿದೆ. ದವಾಖಾನೆಯಲ್ಲಿ ಇನ್ನೊಂದು ಯಂತ್ರ ಕೊಟ್ಟು ನೋಡಿದರು. ಸಣ್ಣ ಬ್ಯಾಟರಿಯಂಥದು, ಗಂಟಲಿಗೆ ಒತ್ತಿ ಹಿಡಿದು ತುಟಿ ಆಡಿಸಬೇಕು. ಗುಂಯ್‌ಗುಟ್ಟುತ್ತದೆ, ಅದೇ ಮಾತಾಗುತ್ತದೆ. ಚರ್ಮ ಮೆತ್ತಗಿರುವವರಿಗೆ. ನನ್ನ ಕತ್ತಿಗೆ ಗುಂಯ್ ಮಾತ್ರ.

ಜತೆಗೆ ಬಂದಿದ್ದ ಇರ್ಫಾನ ಎಂದ: "ಖರೆ ಹೇಳ್ಲಿ? ಹಿಟ್ಟಿನ ಗಿರಣಿ ನೆಗಡಿ ಹತ್ತಿಸ್ಕೊಂಡಾಂಗ ಕೇಳ್ತೈತಿ. ವಾಪಸ್ ಕೊಟ್ಟ ಬಿಡು ಲೇ. ಅವ್ವ ಕೇಳಿದ್ರ ಜ್ವಾಳಾ ತುಂಬಿದ ಡಬ್ಬಿ ತಂದು ಮುಂದ ಇಟ್ಟಾಳು."

ವಾಪಸ್ ಕೊಟ್ಟೆ.

೨೦ ಏಪ್ರಿಲ್, ರವಿವಾರ

ಉತ್ತರದ ಯಾವುದೋ ದೇಶದ ಕಾದಂಬರಿ, ಕನ್ನಡ ಅನುವಾದ. ಎರಡನೆಯ ಓದು. ಅನುವಾದಕರು ಅಲ್ಲಿಯ ರೈತರ ಬಾಯಲ್ಲಿ ನಮ್ಮ ಕಡೆಯ ಮಾತು ಹಾಕಿದ್ದಾರೆ. ಹಿಮ ಬೀಳುವ ಊರಿನಲ್ಲಿ ಒಬ್ಬ "ಬರ್ತೇನಿ ತಮ್ಮಾ" ಎನ್ನುತ್ತಾನೆ. ಸರಿಯಾಗಿದೆ, ಆದರೆ ಸುಳ್ಳು. ಪುಸ್ತಕದ ಭಾಷೆಯಲ್ಲೇ ಬಿಟ್ಟ ಮಾತುಗಳನ್ನು ಓದುವಾಗ ಈ ಮುಜುಗರ ಇಲ್ಲ. ಅನುವಾದ ತಾನು ಅನುವಾದವೆಂದು ಒಪ್ಪಿಕೊಂಡರೆ ಓದುಗ ಉಳಿದದ್ದನ್ನು ಕ್ಷಮಿಸುತ್ತಾನೆ.

ಅದೇ ಮಾಡಿದೆ. ಇವತ್ತು ಆ್ಯಪಿನ ಭಾಷೆಯಲ್ಲೇ ಟೈಪ್ ಮಾಡಿದೆ. "ಅಮ್ಮಾ, ನಿಮ್ಮ ಔಷಧದ ಸಮಯವಾಗಿದೆ."

ಅವ್ವ ಸೆರಗು ಸರಿಪಡಿಸಿಕೊಂಡಳು. ಸಿಟ್ಟಿಲ್ಲ. "ಹೌದ್ರಿ ಸಾಹೇಬ್ರ. ಮರ್ತಿದ್ದೆ ನೋಡ್ರಿ."

ಗುಳಿಗೆ ತಗೊಂಡಳು.

೨ ಮೇ, ಶುಕ್ರವಾರ

ಬೇಸಿಗೆ ಸೂಟಿಯಲ್ಲೂ ಬಸವೇಶ್ವರಿಗೆ ಸಾಲಿಯ ಕೆಲಸ ತಪ್ಪಿಲ್ಲ. ಈಗ ಮನೆಯಲ್ಲಿ ಹಗಲು ಮೂವರು. ಅವ್ವ, ನಾನು, ಸಾಹೇಬರು.

ನಾನು ಕೈ ಹಿಡಿದರೆ "ಪ್ರವೀಣಾ" ಎನ್ನುತ್ತಾಳೆ, ನೀ ಎನ್ನುತ್ತಾಳೆ, ಬೈಯುತ್ತಾಳೆ. ಫೋನು ಬಾಯಿ ಬಿಟ್ಟರೆ ಕೈ ಹಿಂದಕ್ಕೆ, ಸೆರಗು ಮುಂದಕ್ಕೆ. ಸಾಹೇಬರಿಗೆ ಎಲ್ಲದಕ್ಕೂ ರೀ. ಸಾಹೇಬರ ಹತ್ತಿರ ಹೆಚ್ಚು ಮಾತಾಡುತ್ತಾಳೆ. ಉತ್ತರ ಬರುತ್ತದಲ್ಲ.

ಇವತ್ತು ಮಧ್ಯಾಹ್ನ ಸಾಹೇಬರಿಗೆ ನನ್ನ ವಿಷಯ ಹೇಳಿದಳು. ನಾನು ಎದುರಿಗೇ ಕೂತಿದ್ದೆ.

"ನನ್ನ ಮಗಗ ಮಾತು ತಡಾ ಬಂದಾವ್ರಿ. ಮೂರು ವರ್ಷ ಬರೇ ಬೆರಳ ಮಾಡಿ ತೋರಿಸ್ತಿದ್ದ. ನಮ್ಮತ್ತಿ ಇದು ಮೂಗ ಅಂದಿದ್ಲು. ಆಮ್ಯಾಲ ಬಂದೂ ನೋಡ್ರಿ, ಒಮ್ಮಿಗೇ. ತಡಾ ಬಂದೂ, ಲಗೂನ ಹೋದೂ."

"ಹೌದೇ?" ಎಂದು ಹೊಡೆದೆ.

"ಹೌದ್ರಿ" ಅಂದಳು ಅವ್ವ. "ನೀವು ಚಂದ ಮಾತಾಡ್ತೀರಿ ಸಾಹೇಬ್ರ. ಖರೆ. ಆದ್ರ ನನಗ ಅಂವಂದ ಬೇಕಾಗಿತ್ತು."

೨೩ ಮೇ, ಶುಕ್ರವಾರ

ಮುರ್ತುಜಸಾಬರ ಮೆಸೇಜು. "ಸರ್, ಎಐ ಧ್ವನಿ ಬಗ್ಗೆ ನಿಮ್ಮ ಸ್ವಂತ ಅನುಭವಾ ಬರೀರಿ. ಫೋಟೋ ಹಾಕೂಣು. ಓದಾವ್ರಿಗೆ ಧೈರ್ಯಾ ಬರ್ತೈತಿ." ಒಳ್ಳೆಯ ಮನುಷ್ಯ.

ಅಂಕಣ ಕಳಿಸಿದೆ: ಕೀಬೋರ್ಡಿನ ಸಂದಿಯ ಧೂಳನ್ನು ತೆಗೆಯುವ ಬಗೆ. ಬಟ್ಟೆಯನ್ನು ಹಿಂಡಿದ ಮೇಲೆ ಒರೆಸಿ. ನೀರನ್ನು ನೇರ ಚಿಮುಕಿಸಬೇಡಿ.

ಎರಡು ದಿನದಿಂದ ಕೆಮ್ಮು. ಕೆಮ್ಮು ಈಗ ಕತ್ತಿನಿಂದ ಬರುತ್ತದೆ. ಇದಕ್ಕೆ ಮಾತ್ರ ಸದ್ದಿದೆ.

೧೧ ಜೂನ್, ಬುಧವಾರ

ಬಾಗಲಕೋಟೆ. ಸ್ಕ್ಯಾನ್. ಕ್ಯಾನ್ಸರ್ ಈಗ ಎರಡೂ ಶ್ವಾಸಕೋಶದಲ್ಲಿ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಬಸವೇಶ್ವರಿಗೆ ತೋರಿಸಿದರು, ನನಗಲ್ಲ. ನಾನು ಟೈಪ್ ಮಾಡಿ ಕೇಳಿದೆ. ಸಾಹೇಬರು ಗಟ್ಟಿಯಾಗಿ, ಸ್ಪಷ್ಟವಾಗಿ ಕೇಳಿದರು: "ಇನ್ನು ಯಾವ ಚಿಕಿತ್ಸೆ ಉಳಿದಿದೆ?" ಹೊರಗೆ ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು.

"ನೋವಿಗೆ ಕೊಡೂಣ್ರಿ" ಅಂದರು ಡಾಕ್ಟರು.

ಬಸ್ಸಿನಲ್ಲಿ ಬಸವೇಶ್ವರಿ ಕಿಟಕಿಯ ಕಡೆಗೆ ಮುಖ ಮಾಡಿಕೊಂಡು: "ಅತ್ತೀಗೆ ಹೇಳೂದ ಬ್ಯಾಡ್ರಿ. ನಾನೂ ಹೇಳಂಗಿಲ್ಲ." ಆಗಲಿ ಎಂದು ತಲೆಯಾಡಿಸಿದೆ. ಮಾತಿಲ್ಲದ ನಾನು ಹೇಳುವುದಾದರೂ ಹೇಗೆ ಎಂದು ಆಗ ಅವಳಿಗೆ ಹೊಳೆಯಲಿಲ್ಲ. ನನಗೂ.

೧೩ ಜೂನ್, ಶುಕ್ರವಾರ, ಮಧ್ಯಾಹ್ನ

ಬಸವೇಶ್ವರಿ ಸಾಲಿಗೆ ಹೋಗಿದ್ದಾಳೆ. ಊಟವಾಯಿತು. ಕೈ ತೊಳೆಸಿ ಕೂರಿಸಿದೆ. ಅವ್ವ ನನ್ನ ಕೈ ಬಿಟ್ಟಳು. ಸೆರಗು ಹೊದ್ದಳು.

"ಸಾಹೇಬ್ರ, ಅದೀರೇನ್ರಿ?"

"ಇದ್ದೇನೆ, ಹೇಳಿ."

"ಮೊನ್ನಿ ಬಾಗಲಕೋಟಿಗೆ ನೀವೂ ಹೋಗಿದ್ರಲ್ಲ, ಅಂವನ ಕಿಸೆದಾಗ. ಡಾಕ್ಟರ್ ಏನಂದ್ರು?"

ಫೋನಿನ ಗಾಜನ್ನು ಅಂಗಿಗೆ ಒರೆಸಿದೆ.

"ಸೊಸಿ ಹೇಳಂಗಿಲ್ಲ. ಬಂದಾಗಿಂದ ನಲ್ಲಿ ಬಿಟ್ಟ ಅಳ್ತಾಳ, ನನಗ ನೀರಿನ ಸಪ್ಪಳ ಬ್ಯಾರೆ, ಅಳೂ ಸಪ್ಪಳ ಬ್ಯಾರೆ. ಮಗಾ ಅಂತೂ... ಅಂವಗ ಬಾಯಿದ್ದಾಗೂ ಇಂಥಾದ್ದು ಹೇಳಾಂವಲ್ಲ. ನೀವು ಹೊರಗಿನವ್ರು. ನಿಮಗ ನಾ ಯಾರು? ನಿಮಗೇನ್ರಿ ಸಂಕಟ? ಖರೆ ಹೇಳ್ರಿ. ಅಂವಾ ಉಳೀತಾನಿಲ್ಲೊ?"

"ನಿಮ್ಮ ಮಗ" ಎಂದು ಹೊಡೆದೆ. ಮುಂದಿನ ಶಬ್ದಕ್ಕೆ ಕೀಬೋರ್ಡು ಮೇಲೆ ಮೂರು ಆಯ್ಕೆ ತೋರಿಸಿತು. ಎಲ್ಲಿ. ಚೆನ್ನಾಗಿದ್ದಾನೆ. ಬರುತ್ತಾನೆ. ಎರಡನೆಯದರ ಮೇಲೆ ಬೆರಳಿಟ್ಟೆ. ಒತ್ತಲಿಲ್ಲ. ಅಳಿಸಿದೆ.

ಸಾಹೇಬರು ಸುಳ್ಳು ಹೇಳಿದರೆ ಅವಳಿಗೆ ಇನ್ನು ಯಾರೂ ಉಳಿಯುವುದಿಲ್ಲ. ಖರೆ ಹೇಳಿದರೆ ನನ್ನ ಸಾವನ್ನು ನನ್ನದೇ ಧ್ವನಿಯಲ್ಲಿ, ಆಕಾಶವು ಶುಭ್ರವಾಗಿದೆ ಎನ್ನುವ ರಾಗದಲ್ಲಿ ಕೇಳುತ್ತಾಳೆ.

ಅದಕ್ಕೇ ಆ್ಯಪು ಬಿಟ್ಟು ಇಲ್ಲಿಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಎದುರಿಗೇ ಕೂತಿದ್ದಾಳೆ. ಅಕ್ಷರ ಒತ್ತಿದಾಗಿನ ಟಕಟಕ ಅವಳಿಗೆ ಕೇಳುತ್ತಿದೆ. ಉತ್ತರ ತಯಾರಾಗುತ್ತಿದೆ ಎಂದುಕೊಂಡಿದ್ದಾಳೆ. ಕಿವಿ ಈ ಕಡೆಗೆ ಮಾಡಿ, ಬಾಯಿ ಸ್ವಲ್ಪ ತೆರೆದು.

"ಭಾಳ ಬರ್ಯಾಕತ್ತೀರಿ ಸಾಹೇಬ್ರ."

ನಿಲ್ಲಿಸಿದರೆ ಫೋನು ಮಾತಾಡಬೇಕಾಗುತ್ತದೆ. ನಿಲ್ಲಿಸದೆ ಬರೆಯುತ್ತಿದ್ದೇನೆ. ಏನಾದರೂ. ಹೊರಗೆ ಬಿಸಿಲು. ಮಗ್ಗದ ಸದ್ದು ಎಲ್ಲೋ ಒಂದೇ. ಗುಳಿಗೆ ಕೊಡಬೇಕು, ಉಂಡ ಮೇಲಿನದು.

"ಸಾಕ್ ಬಿಡ್ರಿ" ಅಂದಳು ಈಗ. "ಚಲೋ ಸುದ್ದಿ ಇದ್ರ ಇಷ್ಟ ಹೊತ್ತ ಹಿಡೀತಿದ್ದಿಲ್ಲ."

ಸೆರಗು ತಲೆಯಿಂದ ಜಾರಿದೆ. ಎಳೆದುಕೊಳ್ಳಲಿಲ್ಲ. ಕೈ ಮುಂದೆ ಚಾಚಿದ್ದಾಳೆ. ಫೋನು ಇರುವ ಕಡೆಗೋ, ನಾನಿರುವ ಕಡೆಗೋ... ಎರಡೂ ಒಂದೇ ಕಡೆ ಇವೆ. ಆ ಕೈ ಹಿಡಿಯಬೇಕೆಂದರೆ ಈ ಫೋನನ್ನು ಕೆಳಗೆ —