ನೀಲವ್ವ ಓದಿದ ಹನ್ನೆರಡನೆಯ ಸಾಲು

ಮಹಾಜನಗಳೇ! ಇನ್ನೂರು ವರ್ಷ ಹಿಂದಿನ ಬಯಲಲ್ಲಿ ಚಾಪೆ ಹಾಸಿ ಕೂತ ಅಣ್ಣಂದಿರೇ, ಅಕ್ಕಂದಿರೇ, ಹಿಂದೆ ನಿಂತು ಶಿಳ್ಳೆ ಹೊಡೆಯುವವರೇ! ಇದು ಎರಡು ಸಾವಿರದ ಇನ್ನೂರ ಮೂವತ್ತೊಂದನೆಯ ಇಸವಿಯ ಹದಿಮೂರನೆಯ ತಿಂಗಳು, ಒಂಬತ್ತನೆಯ ದಿನ. ನಮ್ಮ ಕಾಲದ ಮಾತು ನಿಮ್ಮ ಕಿವಿಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಾನು ಗದಗಿನ ನಾಟಕ ಮಂಡಳಿಯೊಂದರ ಸಿದ್ಧಬಸಪ್ಪ. ನಟ ಮಾತು ಮರೆತರೆ ಪರದೆಯ ಮಗ್ಗುಲಲ್ಲಿ ನಿಂತು, ದನಿಯಿಲ್ಲದೆ ತುಟಿಯಾಡಿಸಿ ಮಾತು ಕೊಡುವವನು.

ನಮ್ಮಲ್ಲಿ ಹನ್ನೆರಡು ತುಂಬಿದ ಪ್ರತಿ ಮಗುವಿಗೂ ಕಣ್ಣಳತೆ ಆಗುತ್ತದೆ. ಅಂದರೆ, ದೂರದ ಹಲಗೆಯ ಮೇಲಿನ ಹನ್ನೆರಡು ಸಾಲು ಅಕ್ಷರ ಓದಿಸಿ, ಮಗು ಯಾವ ಆಟಕ್ಕೆ ಯೋಗ್ಯವೆಂದು ನಿರ್ಧರಿಸಿ ಮುಂಗೈಗೆ ಹಚ್ಚೆ ಒತ್ತುವುದು. ಹಚ್ಚೆ ಬಿದ್ದ ಮೇಲೆ ಸಾಯುವ ತನಕ ಬೇರೆ ಅಂಕಣ ತುಳಿಯುವಂತಿಲ್ಲ. ಎಲ್ಲ ಸಾಲು ಓದಿದವರು ಬಿಲ್ಲಿಗೆ, ಉಳಿದವರು ಉಳಿದದ್ದಕ್ಕೆ.

ನನಗೆ ಆ ಹಲಗೆಯ ಮೇಲೆ ಮೊದಲಿನಿಂದಲೂ ಗುಮಾನಿ. ಬಿಲ್ಲುಗಾರನ ಕಣ್ಣು ಮೊಳೆ ಹೊಡೆದಂತೆ ಒಂದೇ ಕಡೆ ನಿಲ್ಲುತ್ತದೆ, ಸರಿ. ಆದರೆ ಬ್ಯಾಟು ಹಿಡಿದವನ ಕಣ್ಣು ಚೆಂಡು ಪುಟಿಯುವ ಜಾಗಕ್ಕೆ ಚೆಂಡಿಗಿಂತ ಮೊದಲೇ ಹೋಗಿ ಕಾಯುತ್ತದೆ. ಶಟಲ್ ಆಡುವವಳು ಎದುರಾಳಿಯ ಮಣಿಕಟ್ಟನ್ನೇ ಓದುತ್ತಾಳೆ. ಕಬಡ್ಡಿಯವಳಿಗೋ, ಎದುರಿಗಿಂತ ಎರಡೂ ಮಗ್ಗುಲೇ ಹೆಚ್ಚು ಕಾಣಬೇಕು. ಇದೆಲ್ಲ ಒಂದು ಹಲಗೆಗೆ ಏನು ಗೊತ್ತು?

ಮೊನ್ನೆ ಮೊಮ್ಮಗಳು ನೀಲವ್ವನ ಸರದಿ. ರಸ್ತೆಯಾಚೆ ನಿಂತ ಬಸ್ಸಿನ ಬೋರ್ಡು ಓದಲಾಗದ ಹುಡುಗಿ. ಕಬಡ್ಡಿಯಲ್ಲಿ ಮಾತ್ರ ಕತ್ತು ತಿರುಗಿಸದೆ ಮಗ್ಗುಲಿಂದ ಬಂದ ಕೈ ತಪ್ಪಿಸುವವಳು. ಕಬಡ್ಡಿಯೆಂದರೆ ಅವಳ ಜೀವ. ಅಂಥವಳು ಮೊದಲ ಸಾಲಿಗೇ ತಡವರಿಸಿ, ಆಮೇಲೆ ಹನ್ನೆರಡೂ ಸಾಲನ್ನು ಗಡಗಡ ಓದಿಬಿಟ್ಟಳು! ಅಳತೆಗಾರ ಮೃಡಯ್ಯ "ಬಿಲ್ಲು!" ಎಂದು ಕೂಗಿದ. ಅವಳ ಮುಖ ಬಾಡಿತು. ನನ್ನ ಗುಮಾನಿ ಮತ್ತೆ ಎದ್ದು ಕೂತಿತು. ಹಲಗೆ ಸುಳ್ಳೋ? ಮೃಡಯ್ಯ ಕಳ್ಳನೋ? ಬಿಲ್ಲಿನವರು ಒಳಗೊಳಗೇ ಏನೋ ಹೂಡಿದ್ದಾರೋ?

ಮನೆಗೆ ಬಂದು ಗದರಿಸಿ ಕೇಳಿದೆ. ಅವಳು ನನ್ನನ್ನೇ ಗದರಿಸಿದಳು: "ಹಲಗಿ ಎಲ್ಲಿ ಕಾಣ್ತಿತ್ತು ಅಜ್ಜಾ ನಂಗ? ಮಗ್ಗಲಾಗ ನಿಂತು ನೀನ ತುಟಿ ಆಡಸ್ಲಿಕತ್ತಿದ್ದಿ. ನೀ ಮಾತು ಕೊಟ್ಟ ಮ್ಯಾಲ ಹೇಳದ ಬಿಡಾಕ ಬರ್ತೈತೇನು?"

ಮಹಾಜನಗಳೇ, ಕಳ್ಳ ನಾನೇ! ಮಗು ತಡವರಿಸಿದ್ದೇ ತಡ, ಐವತ್ತು ವರ್ಷದ ಅಭ್ಯಾಸ ನನಗರಿವಿಲ್ಲದೆ ತುಟಿಗೆ ಬಂದಿತ್ತು. ರಂಗದ ಮೇಲೆ ಬೆಳೆದ ಕೂಸು, ಕೊಟ್ಟ ಮಾತನ್ನು ಬಿಡಲಿಲ್ಲ. ಆದರೆ ನೋಡಿ! ಅವಳ ಕಣ್ಣಪಾಪೆ ಹಲಗೆಯಿಂದ ಕದಲಿರಲಿಲ್ಲ; ಮೃಡಯ್ಯ ಅದರ ಮೇಲೇ ಕಣ್ಣಿಟ್ಟಿದ್ದ. ಕಣ್ಣಂಚಿನಲ್ಲೇ ನನ್ನ ಬಾಯಿ ಓದಿದ್ದಾಳೆ!

ನಾಳೆ ಹತ್ತು ಗಂಟೆಗೆ ಹಚ್ಚೆ. ಅಳತೆಯಲ್ಲಿ ಮಾತು ಕೊಟ್ಟವನು ಮತ್ತೆ ರಂಗ ಹತ್ತುವಂತಿಲ್ಲವೆಂದು ಕಾನೂನಿದೆ. ನಿಮ್ಮಲ್ಲಿ ಯಾರಾದರೂ ಒಂದೇ ಹಲಗೆ ಹಿಡಿದು ಮಕ್ಕಳ ಕಣ್ಣಳೆಯಲು ಬಂದರೆ, ದಯವಿಟ್ಟು ಅನುಮಾನಪಡಿ.

ನಾನು ನಾಳೆ ಬೆಳಿಗ್ಗೆ ಅಳತೆಮನೆಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಲ್ಲುತ್ತೇನೆ. ತಪ್ಪೊಪ್ಪಿಕೊಂಡು, ನೀಲವ್ವನನ್ನು ಹಲಗೆಗೆ ಮುಖಮಾಡಿ ನಿಲ್ಲಿಸುತ್ತೇನೆ. ಮಗ್ಗುಲಲ್ಲಿ ಈ ಸಲ ಮೃಡಯ್ಯ ನಿಲ್ಲಲಿ; ದನಿಯಿಲ್ಲದೆ ತನ್ನ ಅಪ್ಪನ ಹೆಸರು ಹೇಳಲಿ, ಅವಳು ಕಣ್ಣಂಚಿನಲ್ಲೇ ಓದಿ ತೋರಿಸಲಿ. ನಾನು ಬಾಯಿಗೆ ಪಂಚೆಯ ಸೆರಗು ಒತ್ತಿಕೊಂಡು ಹಿಂದೆ ಕೂತಿರುತ್ತೇನೆ.