ನೀರಗಂಟಿಯ ಹೆಸರಿನ ಜಾಗ

ಯಲಹಂಕ ಉಪನಗರ
ಫೆಬ್ರವರಿ ೨೦೧೯, ಭಾನುವಾರ

ಕೋಗಿಲಿನ ದ್ರೌಪದಮ್ಮನವರಿಗೆ, ನಿಮ್ಮ ಬಾಯಲ್ಲಿ ‘ಕಂಪ್ಯೂಟ್ರಮ್ಮ’ ಆಗಿದ್ದ ಮಹತಿ ಮಾಡುವ ನಮಸ್ಕಾರಗಳು.

ನಾಲ್ಕು ವರ್ಷ ಮುಖ ತೋರಿಸದವಳಿಗೆ ಈಗ ನೆನಪಾಯಿತೇ ಎಂದು ನೀವು ಬೈಯುವ ಮೊದಲೇ ಹೇಳಿಬಿಡುತ್ತೇನೆ, ಇದು ತಪ್ಪೊಪ್ಪಿಗೆಯ ಕಾಗದ. ನಾನು ಕಟ್ಟಿದ ‘ನಮ್ಮ ಕೋಗಿಲು’ ಜಾಲತಾಣವನ್ನು ಈ ತಿಂಗಳು ಮುಚ್ಚುತ್ತಿದ್ದೇನೆ. ಊರಿನವರೆಲ್ಲ ವಾಟ್ಸಾಪ್ ಗುಂಪಿಗೆ ಹೋಗಿಬಿಟ್ಟರು, ಯಾರನ್ನು ದೂರಲಿ? ಇದ್ದಬದ್ದ ಪುಟಗಳನ್ನು ನಕಲು ಮಾಡಿಡೋಣವೆಂದು ಬೆಳಗ್ಗೆ ಕೂತವಳು, ಕೂತಲ್ಲೇ ೨೦೧೨ಕ್ಕೆ ಹೋಗಿಬಿಟ್ಟಿದ್ದೇನೆ.

ಆಗ ವಾರವಿಡೀ ಹೆಬ್ಬಾಳದ ಆಫೀಸಿನಲ್ಲಿ ಯಾರಿಗೋ ಬೇಕಾದ ಸಾಫ್ಟ್‌ವೇರ್ ಬರೆಯುತ್ತಿದ್ದೆ. ಕಿಟಕಿಯಾಚೆ ಫ್ಲೈಓವರಿನ ಮೇಲೆ ವಾಹನಗಳು ನಿಂತಲ್ಲೇ ನಿಂತಿರುತ್ತಿದ್ದವು, ಒಳಗೆ ನನಗೆ ಹಗಲುಗನಸು. ಒಂದು ಊರಿನ ಜನ ತಮ್ಮ ಊರನ್ನು ತಾವೇ ಬರೆಯುತ್ತಾರೆ. ಬಾವಿಯ ಹೆಸರು ಒಬ್ಬರು, ಮಾವಿನ ತೋಪಿನ ಹೆಸರು ಇನ್ನೊಬ್ಬರು ಬರೆಯುತ್ತ ಹೋದಂತೆ, ಲೇಔಟುಗಳ ಅಡಿಯಿಂದ ಹಳೆಯ ಕೋಗಿಲು ಮೆಲ್ಲಗೆ ಎದ್ದು ಬರುತ್ತದೆ. ಸೈಟುಗಳ ಗಡಿಕಲ್ಲು ಕರಗಿ ಗದ್ದೆಯಾಗುತ್ತದೆ, ಗದ್ದೆಯಲ್ಲಿ ನೀರು ಹರಿಯುತ್ತದೆ. ಆ ಕನಸಿನ ಗುಂಗಿನಲ್ಲೇ, ಯಾರು ಬೇಕಾದರೂ ಬರೆದು ತಿದ್ದಬಹುದಾದ ಜಾಲತಾಣವನ್ನು ಭಾನುವಾರಗಳಲ್ಲಿ ಕಟ್ಟಿದೆ.

ನಿಮ್ಮ ಮಗಳು ಶಿಲ್ಪ ಬಿಟ್ಟುಹೋಗಿದ್ದ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದು ತೋರಿಸಿದಾಗ ನೀವು ಕನ್ನಡಕ ಏರಿಸಿ ನೋಡಿ, “ಇದೇನಮ್ಮ, ಅಕ್ಸರದ ಮಧ್ಯ ಮುಳ್ಳು ಸೇರ್ಕಂಡವೆ?” ಅಂದಿರಿ. ದಪ್ಪಕ್ಷರ ಬೇಕಾದರೆ ಪದದ ಎರಡೂ ಕಡೆ ನಕ್ಷತ್ರ ಹಾಕಬೇಕಿತ್ತು, ಹೊಸ ಸಾಲಿಗೆ ಇನ್ನೇನೋ ಗುರುತು. ನನಗೆ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಬಸ್ಸು ಯಲಹಂಕ ಮುಟ್ಟುವಷ್ಟರಲ್ಲಿ ಸಿಟ್ಟು ಇಳಿದು ನಾಚಿಕೆಯಾಯಿತು. ಎರಡು ತಿಂಗಳು ಕೂತು ಮುಳ್ಳನ್ನೆಲ್ಲ ಕಿತ್ತೆ. ಬರೆದದ್ದು ಬರೆದ ಹಾಗೇ ಕಾಣುವಂತೆ, ಒಂದು ಗುಂಡಿ ಒತ್ತಿದರೆ ಅಕ್ಷರ ದೊಡ್ಡದಾಗುವಂತೆ ಮಾಡಿದೆ. ಏಳನೇ ಕ್ಲಾಸು ಓದಿದ್ದ ನೀವು ಒಂದೊಂದೇ ಬೆರಳಲ್ಲಿ ಕುಟ್ಟಿ ನಾಲ್ಕು ಸಾಲು ಬರೆದು, “ಈಗ ಸರೋಯ್ತು” ಅಂದಾಗ ನನಗೆ ಆದ ಸಂತೋಷ ಆಮೇಲೆ ಯಾವ ಸಂಬಳದಿಂದಲೂ ಆಗಲಿಲ್ಲ.

ಜಾಣತನ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಕಿಡಿಗೇಡಿಗಳು ಬಂದು ಅಳಿಸಿಬಿಟ್ಟರೆ ಎಂದು ಒಂದು ನಿಯಮವನ್ನೂ ಸೇರಿಸಿದೆ. ಒಂದೇ ಜಾಗವನ್ನು ದಿನಕ್ಕೆ ಮೂರು ಸಲ ಅಳಿಸಿದವರ ಖಾತೆ ತನ್ನಿಂದ ತಾನೇ ಬಂದ್.

ನಿಮ್ಮ ಯಜಮಾನರು ವೆಂಕಟೇಶಪ್ಪನವರು ಮೂವತ್ತು ವರ್ಷ ಊರ ಕೆರೆಯ ನೀರಗಂಟಿಯಾಗಿದ್ದವರು, ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರೆಂದು ಹಂಚಿದವರು. ಸಕ್ಕರೆ ಕಾಯಿಲೆ ಅವರ ಕಣ್ಣನ್ನು ದಿನೇದಿನೇ ತಿನ್ನುತ್ತಿತ್ತು. ಪೂರ್ತಿ ಕತ್ತಲಾಗುವ ಮೊದಲು ಕೆರೆಯ ಪುಟದಲ್ಲಿ ತಮ್ಮ ಹೆಸರನ್ನು ಕಣ್ಣಾರೆ ಓದಬೇಕೆಂಬ ಒಂದೇ ಆಸೆ ಅವರಿಗಿತ್ತು. ಆದರೆ ಆ ಪುಟದಲ್ಲಿ ಯಾರೋ ‘ನೀರಗಂಟಿ ರಾಮಕೃಷ್ಣಪ್ಪ’ ಎಂದು ಬರೆದಿದ್ದರು. ನೀವು ಆ ಹೆಸರನ್ನು ಅಳಿಸಿ ಜಾಗ ಖಾಲಿ ಬಿಟ್ಟಿರಿ. ಬರೆದವರು ಮತ್ತೆ ಬರೆದರು, ನೀವು ಮತ್ತೆ ಅಳಿಸಿದಿರಿ. ಮೂರನೇ ಸಲಕ್ಕೆ ಬಾಗಿಲು ಮುಚ್ಚಿತು. ‘ಹದಿನೇಳನೇ ಖಾತೆ ಬಂದ್’ ಎಂದು ನನಗೆ ಸಂದೇಶ ಬಂದಾಗ, ಆ ಹದಿನೇಳನೆಯವರು ಯಾರೆಂದು ಕೂಡ ನೋಡದೆ, ನನ್ನ ನಿಯಮ ಕೆಲಸ ಮಾಡಿತೆಂದು ಆಫೀಸಿನಲ್ಲಿ ಎಲ್ಲರಿಗೂ ಕಾಫಿ ಕುಡಿಸಿದೆ. ಅಯ್ಯೋ ನನ್ನ ಬುದ್ಧಿಯೇ!

ಹನ್ನೊಂದು ದಿನದ ಮೇಲೆ ಒಂದು ಭಾನುವಾರ ನಿಮ್ಮ ಮನೆಗೆ ಬಂದೆ. ನೀವು ನೀರು ತಂದಿರಿ. ಲೋಟ ಕೈಗಿಟ್ಟು, “ನಂಗೆ ಕಿಡಿಗೇಡಿ ಅಂತದಲ್ಲಮ್ಮ ನಿನ್ ಪೆಟ್ಟಿಗೆ” ಅಂದಿರಿ. ತಪ್ಪು ಹೆಸರು ಅಳಿಸಿದ ಮೇಲೆ ಸರಿಯಾದದ್ದನ್ನು ಬರೆಯಬಾರದಿತ್ತೇ ಎಂದು ನಾನೇ ದಬಾಯಿಸಿದೆ. ನೀವು ಸೆರಗು ಬಾಯಿಗೆ ತಂದುಕೊಂಡು ನಕ್ಕುಬಿಟ್ಟಿರಿ. “ಅಲ್ಲಾ ಕಣಮ್ಮ, ಕಟ್ಕಂಡೋರ ಎಸ್ರ ನಾನೆಂಗೆ ಬರೀಲಿ? ಜಾಗ ಬಿಟ್ಟಿದ್ನಲ್ಲ, ಗೊತ್ತಿರೋರು ತುಂಬ್ತಾರೆ ಅಂತ.”

ಹೌದಲ್ಲ. ಮಾತಾಡುವಾಗ ನೀವು ‘ನಮ್ಮನೇರು’ ಎಂದು ತಡೆದರೆ ಪಕ್ಕದವರು ಹೆಸರು ಹೇಳಿ ಮುಂದಕ್ಕೆ ಸಾಗಿಸುತ್ತಿದ್ದರು. ಪುಟದಲ್ಲೂ ನೀವು ಅದನ್ನೇ ಮಾಡಿದ್ದಿರಿ. ನನಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು.

ಅಲ್ಲೇ ಕೂತು ಬಂದ್ ಆಗಿದ್ದ ನಿಮ್ಮ ಖಾತೆಯನ್ನು ಮತ್ತೆ ತೆರೆದೆ, ‘ವೆಂಕಟೇಶಪ್ಪ’ ಎಂದು ನಾನೇ ಬರೆದೆ, ಪರದೆಯ ತುಂಬ ದೊಡ್ಡದು ಮಾಡಿ ಜಗುಲಿಯ ಮೇಲಿದ್ದ ಅವರ ಮುಂದೆ ಹಿಡಿದೆ. ಬಿಸಿಲು ಇಳಿಯುತ್ತಿತ್ತು. ಅವರು ಬಹಳ ಹೊತ್ತು ನೋಡಿ, “ಕಾಣ್ತದೆ ಕಣವ್ವ, ಚೆನ್ನಾಗ್ ಕಾಣ್ತದೆ” ಅಂದರು. ನಿಜವಾಗಿ ಕಂಡಿತೋ, ಈ ಹುಡುಗಿ ನೊಂದುಕೊಳ್ಳುತ್ತಾಳೆಂದು ಹಾಗೆ ಹೇಳಿದರೋ? ಅವರು ತೀರಿಕೊಂಡಾಗ ಬಂದು ನಿಮ್ಮ ಪಕ್ಕ ಕೂತಿದ್ದೆನಲ್ಲ, ಅವತ್ತೂ ಇದನ್ನೇ ಕೇಳಬೇಕೆಂದಿದ್ದೆ. ಬಾಯಿ ಬರಲಿಲ್ಲ. ಆಮೇಲೆ ಮುಖ ತೋರಿಸದೆ ಇದ್ದದ್ದೂ ಅದಕ್ಕೇ.

ಇವತ್ತು ಗೊತ್ತಾಯಿತು. ಪುಟ ನಕಲು ಮಾಡಿದರೆ ಅದರಲ್ಲಿ ಆದ ಬದಲಾವಣೆಗಳ ಪಟ್ಟಿಯೂ ಜೊತೆಗೆ ಬರುತ್ತದೆ. ಅವತ್ತು ನಾನು ಹೊರಟ ಮೇಲೆ, ಸಂಜೆ ಆರು ಇಪ್ಪತ್ತಕ್ಕೆ, ಹದಿನೇಳನೇ ಖಾತೆಯಿಂದ ಕೆರೆಯ ಪುಟಕ್ಕೆ ಒಂದು ಸಾಲು ಸೇರಿದೆ. ಆರು ಇಪ್ಪತ್ತೆರಡಕ್ಕೆ ಅದೇ ಖಾತೆ ಅದನ್ನು ಅಳಿಸಿದೆ.

“ವೆಂಕಟೇಶಪ್ಪನವರಿಗೆ ಕಾಣಲಿಲ್ಲ. ನಾನೇ ಕಿವಿಯಲ್ಲಿ ಓದಿ ಹೇಳಿದೆ.”

ಕಾಣಲಿಲ್ಲವಲ್ಲ ಎಂದು ಮೊದಲು ಅತ್ತೆ. ಆ ಹನ್ನೊಂದು ದಿನ ಕಿತ್ತುಕೊಂಡವಳು ನಾನು, ಕ್ಷಮಿಸಿ. ಆಮೇಲೆ ಎರಡನೇ ವಾಕ್ಯವನ್ನು ಇನ್ನೊಮ್ಮೆ ಓದಿ ಬೇರೆಯೇ ಅಳು ಬಂತು. ಮದುವೆಯಾದಂದಿನಿಂದ ನಿಮ್ಮ ಬಾಯಿಂದ ಕೇಳದ ತಮ್ಮ ಹೆಸರನ್ನು ಅವರು ಅವತ್ತು ಕೇಳಿಸಿಕೊಂಡರು.

ನೀವು ಅವರ ಹೆಸರು ಬರೆದಿಟ್ಟ ಆ ಎರಡು ನಿಮಿಷದಲ್ಲಿ ಯಾರಾದರೂ ಪುಟ ತೆರೆದಿದ್ದರೇ ಎಂದು ಹುಡುಕಿದೆ. ಒಬ್ಬರೂ ಇಲ್ಲ. ಆ ಸಾಲನ್ನು ಪಟ್ಟಿಯಿಂದಲೂ ಈಗ ತೆಗೆದಿದ್ದೇನೆ. ನಾನೂ ನೋಡಿಲ್ಲವೆಂದೇ ಇಟ್ಟುಕೊಳ್ಳಿ, ಅಮ್ಮಾ.

ಈಗ ಅಟ್ಟೂರಿನಲ್ಲಿ ಶಿಲ್ಪಳ ಮನೆ ಸೇರಿರುವ ನೀವು ನೂರು ಕಾಲ ತಣ್ಣಗಿರಿ. ಸಿಟ್ಟು ಇಳಿದಿದ್ದರೆ ಹರಸಿ, ಇಳಿದಿರದಿದ್ದರೆ ಬೈದೇ ಹರಸಿ.

ಇಂತು ನಿಮ್ಮ
ಮಹತಿ